ಮುಂದಿನ ಹಲ್ಲಿನ ಸಂದಿ ಯಾಕಿದೆ ಅಂತ ಮೊದಲು ಕೇಳಿ

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಮೇಲಿನ ಎರಡು ಮುಂದಿನ ಹಲ್ಲುಗಳ ಮಧ್ಯೆ ಸಂದಿ ಇರುವುದು ಹೊಸದಲ್ಲ. ಅಜ್ಜಿಗಿತ್ತು, ಅಮ್ಮನಿಗಿದೆ, ನನಗಿದೆ. ಅಕ್ಕನ ಮಗಳಿಗೂ ಬಂತು. ಯಾರಾದರೂ ಆ ಬಗ್ಗೆ ಮಾತೆತ್ತಿದರೆ ಅಜ್ಜಿ "ಸಂದಿ ಹಲ್ಲಿನವರಿಗೆ ಅದೃಷ್ಟ ಜಾಸ್ತಿ ಕಣೇ" ಅಂತ ಬಾಯಿ ಮುಚ್ಚಿಸುತ್ತಿದ್ದರು. ಹೀಗೆ ನಂಬುವವರು ನಾವಷ್ಟೇ ಅಲ್ಲ. ಫ್ರಾನ್ಸಿನಲ್ಲೂ ಇದನ್ನು ಸುಖದ ಹಲ್ಲು ಅನ್ನುತ್ತಾರೆ. ನೈಜೀರಿಯಾದ ಯೊರುಬಾ ಜನರಿಗೆ ಇದು ಸೌಂದರ್ಯದ ಗುರುತು. ಅಮೆರಿಕದ ಮಾಡೆಲ್ ಲಾರೆನ್ ಹಟನ್ ತನ್ನ ಸಂದಿಯನ್ನು ಹಾಗೇ ಇಟ್ಟುಕೊಂಡೇ 1970ರ ದಶಕದಲ್ಲಿ ದೊಡ್ಡ ಮೇಕಪ್ ಕಂಪನಿಯ ಮುಖವಾಗಿದ್ದಳು.

ಆದರೆ ಮದುವೆ ಗೊತ್ತಾದ ಹುಡುಗಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ. ಅವಳು ಒಂದೇ ಮಾತು ಹೇಳಿದಳು. "ಚಿಕ್ಕಮ್ಮ, ನಾನು ಕಾಲೇಜಿನಿಂದಲೂ ಫೋಟೋದಲ್ಲಿ ತುಟಿ ಮುಚ್ಚಿಕೊಂಡೇ ನಗ್ತಿದೀನಿ. ಮದುವೆ ಫೋಟೋದಲ್ಲಾದ್ರೂ ಬಾಯ್ತುಂಬ ನಗಬೇಕು." ಇದಕ್ಕೆ ಎದುರು ಮಾತಾಡಲು ನನಗೆ ಮನಸ್ಸಾಗಲಿಲ್ಲ. ಯಾಕಾಗಬೇಕು? ಹಲ್ಲು ಅವಳದು, ನಗುವೂ ಅವಳದು. ಅಂದಿನಿಂದ ಅವಳ ಜೊತೆ ಓಡಾಡಿ, ಕೇಳಿ, ಓದಿ, ಡಾಕ್ಟರ ಕುರ್ಚಿಯ ಪಕ್ಕ ನಿಂತು ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡು ಕೂತಿರುವ ಅಮ್ಮಂದಿರು, ಹುಡುಗಿಯರು, ಹುಡುಗರು ತುಂಬ ಜನ ಇದ್ದಾರೆ.

ಮೊದಲು ಹೋದದ್ದು ನಮ್ಮೂರು ಚಿತ್ರದುರ್ಗದಲ್ಲೇ ಒಂದು ಕ್ಲಿನಿಕ್ಕಿಗೆ. ಅಲ್ಲಿ ಬಾಯಿ ತೆರೆಸಿ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಹೊಸ ನಗು ತೋರಿಸಿದರು. ಮುಂದಿನ ಆರು ಹಲ್ಲಿಗೂ ವಿನಿಯರ್. ಎರಡು ಸಲ ಬಂದರೆ ಸಾಕು, ಮುಗೀತು. ಎಕ್ಸ್‌ರೇ ತೆಗೆಯಲಿಲ್ಲ. ಸಂದಿ ಯಾಕಿದೆ ಅಂತ ಯಾರೂ ಹೇಳಲಿಲ್ಲ. ಫೋಟೋದಲ್ಲಿ ಅವಳು ತುಂಬ ಚೆನ್ನಾಗಿಯೇ ಕಾಣುತ್ತಿದ್ದಳು. ಹಾಗಾಗಿ ಅವಳಿಗೆ ಒಪ್ಪಿಗೆಯೂ ಆಗಿಬಿಟ್ಟಿತ್ತು. ನಾನು "ಒಂದು ವಾರ ಟೈಮ್ ಕೊಡಿ" ಅಂತ ಕರೆದುಕೊಂಡು ಬಂದೆ.

ವಿನಿಯರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಹಾಳೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದನ್ನು ಕೂರಿಸಲು ಸಾಮಾನ್ಯವಾಗಿ ಅಷ್ಟೇ ದಪ್ಪದ ಎನಾಮಲ್ ಅನ್ನು, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರವನ್ನು, ಉಜ್ಜಿ ತೆಗೆಯುತ್ತಾರೆ. ಎನಾಮಲ್ ಮಾಡುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಚರ್ಮ ಮಾಯುತ್ತೆ, ಮೂಳೆ ಕೂಡುತ್ತೆ, ಎನಾಮಲ್ ಮಾತ್ರ ಹೋದರೆ ಹೋಯಿತು. ವಿನಿಯರ್ 10ರಿಂದ 15 ವರ್ಷ ಚೆನ್ನಾಗಿ ಬರುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಆಮೇಲೆ ಹೊಸದು ಹಾಕಿಸಬೇಕು. 25ರ ಹುಡುಗಿ ಆರು ಹಲ್ಲಿಗೆ ಹಾಕಿಸಿದರೆ ಜೀವಮಾನದಲ್ಲಿ ಎಷ್ಟು ಸಲ ಹಾಕಿಸಬೇಕಾದೀತು, ಲೆಕ್ಕ ಹಾಕಿ.

ಇನ್ನು ಕೆಲವು ಕಡೆ "ಕ್ಯಾಪ್ ಹಾಕಿಬಿಡೋಣ" ಅನ್ನುತ್ತಾರೆ. ಇದರ ಬಗ್ಗೆ ನನಗೆ ಕಡಾಖಂಡಿತ ಅಭಿಪ್ರಾಯವಿದೆ: ಬರೀ ಸಂದಿ ಮುಚ್ಚಲಿಕ್ಕೆ ಆರೋಗ್ಯವಾಗಿರುವ ಹಲ್ಲಿಗೆ ಕ್ಯಾಪ್ ಬೇಡ. ಯಾವ ಚಿಕಿತ್ಸೆಗೆ ಎಷ್ಟು ಹಲ್ಲು ಕರಗುತ್ತೆ ಅಂತ ತೂಕ ಮಾಡಿಯೇ ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಗಿದೆ. ಒಸಡಿನ ಮೇಲೆ ಕಾಣುವ ಹಲ್ಲಿನ ಭಾಗದಲ್ಲಿ ವಿನಿಯರಿಗೆ ಹೋಗುವುದು ಶೇ. 3ರಿಂದ 30. ಪೂರ್ತಿ ಕ್ಯಾಪಿಗೆ ಶೇ. 63ರಿಂದ 72. ಅಂದರೆ ಮುಕ್ಕಾಲು ಪಾಲಿನ ಹತ್ತಿರ ಹಲ್ಲನ್ನು ತೇದು, ಉಳಿದ ಗೂಟದ ಮೇಲೆ ಟೋಪಿ ಕೂರಿಸುತ್ತಾರೆ. ಅಷ್ಟು ತೇದಾಗ ಒಳಗಿನ ನರಕ್ಕೆ ಪೆಟ್ಟಾಗಿ ಮುಂದೊಂದು ದಿನ ರೂಟ್ ಕೆನಾಲ್ ಮಾಡಿಸುವ ಹಾಗೂ ಆಗಬಹುದು. ಮುರಿದ ಹಲ್ಲು, ರೂಟ್ ಕೆನಾಲ್ ಆದ ಹಲ್ಲು, ತುಂಬ ಹುಳುಕಾದ ಹಲ್ಲಾದರೆ ಮಾತು ಬೇರೆ. ಅಲ್ಲಿ ಕ್ಯಾಪ್ ಹಲ್ಲನ್ನು ಉಳಿಸುತ್ತದೆ.

ಎರಡನೇ ಸಲ ಹೋದದ್ದು ದಾವಣಗೆರೆಯ ಡೆಂಟಲ್ ಕಾಲೇಜೊಂದಕ್ಕೆ. ಅಲ್ಲಿ ನೋಡಿದ ಮೇಡಂ ಮೊದಲು ಮೇಲ್ದುಟಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆಳೆದರು. ಹಲ್ಲುಗಳ ನಡುವಿನ ಒಸಡು ಬಿಳಿಚಿಕೊಳ್ಳುತ್ತಾ ಅಂತ ನೋಡಿದರು. ತುಟಿಯನ್ನು ಒಸಡಿಗೆ ಹಿಡಿದಿರುವ ಒಂದು ಪಟ್ಟಿ ಎಲ್ಲರಿಗೂ ಇರುತ್ತದೆ. ನಾಲಗೆಯಲ್ಲಿ ಮುಟ್ಟಿ ನೋಡಿದರೆ ಸಿಗುತ್ತೆ. ಕೆಲವರಿಗೆ ಅದು ದಪ್ಪವಾಗಿ, ಎರಡು ಹಲ್ಲಿನ ನಡುವೆ ಹಾದು ಅಂಗುಳದವರೆಗೂ ಇಳಿದಿರುತ್ತದೆ. ತುಟಿ ಎಳೆದಾಗ ಹಲ್ಲಿನ ನಡುವಿನ ಒಸಡು ಬೆಳ್ಳಗಾದರೆ ಪಟ್ಟಿ ಅಲ್ಲಿವರೆಗೆ ಬಂದಿದೆ ಅಂತ ಲೆಕ್ಕ. ಅಂಥವರಿಗೆ ಹಲ್ಲು ಹತ್ತಿರ ತಂದ ಮೇಲೆ ಆ ಪಟ್ಟಿಯನ್ನು ಚಿಕ್ಕ ಆಪರೇಷನ್ ಮಾಡಿ ಬಿಡಿಸುತ್ತಾರೆ. ಸಾಮಾನ್ಯವಾಗಿ ಮೊದಲೇ ಮಾಡುವುದಿಲ್ಲ. ಮೊದಲೇ ಮಾಡಿದರೆ ಮಾಯ್ದ ಗಾಯದ ಗಟ್ಟಿ ಮಾಂಸವೇ ಹಲ್ಲುಗಳಿಗೆ ಅಡ್ಡ ಬರಬಹುದು.

ಅಕ್ಕನ ಮಗಳಿಗೆ ಆ ತೊಂದರೆ ಇರಲಿಲ್ಲ. ಆಮೇಲೆ ಒಂದು ಚಿಕ್ಕ ಎಕ್ಸ್‌ರೇ ತೆಗೆಸಿದರು. ಎರಡು ಮುಂದಿನ ಹಲ್ಲಿನ ಬೇರುಗಳ ನಡುವೆ ಮೂಳೆಯೊಳಗೆ ಹೆಚ್ಚುವರಿ ಹಲ್ಲೊಂದು ಹುದುಗಿ ಕೂತಿದ್ದರೂ ಸಂದಿ ಬರುತ್ತದಂತೆ. ಅದನ್ನು ನೋಡದೆ ಸಂದಿಗೆ ಸಿಮೆಂಟ್ ತುಂಬಿದರೆ ಏನು ಬಂತು? ಅದೂ ಇರಲಿಲ್ಲ. ಉಗುಳು ನುಂಗುವಾಗ ನಾಲಗೆ ಹಲ್ಲನ್ನು ಮುಂದಕ್ಕೆ ತಳ್ಳುತ್ತಾ ಅಂತಲೂ ನೋಡಿದರು. ಕೊನೆಗೆ ಪುಟ್ಟ ಅಳತೆಕಡ್ಡಿ ಹಿಡಿದು ಒಂದೊಂದೇ ಹಲ್ಲು ಅಳೆದರು.

ಉತ್ತರ ಅಲ್ಲಿತ್ತು. ನಡುವಿನ ಎರಡು ಹಲ್ಲು ಸರಿಯಾಗಿಯೇ ಇದ್ದವು, ಅಗಲ ಎಂಟೂವರೆ ಮಿಲಿಮೀಟರ್. ಅವುಗಳ ಪಕ್ಕದ ಹಲ್ಲುಗಳು ಸಾಮಾನ್ಯವಾಗಿ ಆರೂವರೆ ಇರಬೇಕು, ಇವಳದು ಐದೂ ಚಿಲ್ಲರೆ. ಪಕ್ಕದವು ಸಣ್ಣಗಿದ್ದದ್ದರಿಂದ ಉಳಿದ ಜಾಗವೆಲ್ಲ ನಡುವೆ ಬಂದು ಸೇರಿತ್ತು. ನಾವು ಇಷ್ಟು ವರ್ಷ ನಡುವಿನ ಹಲ್ಲುಗಳನ್ನೇ ನೋಡುತ್ತಿದ್ದೆವು. ಕೊರತೆ ಇದ್ದದ್ದು ಪಕ್ಕದಲ್ಲಿ.

ಮೇಡಂ ಒಂದು ಕಾಗದ ತೆಗೆದುಕೊಂಡು ಲೆಕ್ಕ ಬರೆದು ತೋರಿಸಿದರು. ಸಂದಿ ಎರಡೂವರೆ ಮಿಲಿಮೀಟರ್. ಅಷ್ಟನ್ನೂ ನಡುವಿನ ಎರಡು ಹಲ್ಲಿಗೇ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಸಿಮೆಂಟ್, ಹಚ್ಚಿ ಮುಚ್ಚಿದರೆ ಒಂದೊಂದೂ ಒಂಬತ್ತೂ ಮುಕ್ಕಾಲು ಅಗಲ ಆಗುತ್ತೆ. ಉದ್ದ ಇರುವುದೇ ಹತ್ತೂವರೆ. ನೋಡಲು ಚೆಂದ ಅನ್ನಿಸುವ ಮುಂದಿನ ಹಲ್ಲಿನ ಅಗಲ ಉದ್ದದ ಶೇ. 75ರಿಂದ 80ರ ಆಸುಪಾಸಿನಲ್ಲಿರುತ್ತದೆ. ಇದು 93 ಆಯಿತು. ಸಂದಿ ಹೋಗುತ್ತೆ, ಚೌಕಾಕಾರದ ಎರಡು ದೊಡ್ಡ ಹಲ್ಲು ಬರುತ್ತೆ. ಅದರ ಬದಲು ನಡುವಿನ ಹಲ್ಲುಗಳನ್ನು ಒಂದಕ್ಕೊಂದು ಹತ್ತಿರ ಸರಿಸಿದರೆ ಸಂದಿ ಎರಡು ಪಾಲಾಗಿ ಆಚೀಚೆ ಹೋಗುತ್ತದೆ. ಆಗ ಸಣ್ಣಗಿರುವ ಪಕ್ಕದ ಹಲ್ಲುಗಳಿಗೆ ಕಾಂಪೋಸಿಟ್ ಹಚ್ಚಿ ಸರಿಯಾದ ಅಳತೆಗೆ ತರಬಹುದು. ಒಂದು ಹಲ್ಲನ್ನೂ ತೇಯಬೇಕಾಗಿಲ್ಲ. ಮದುವೆಗೆ ಇನ್ನೂ ಅರ್ಧ ವರ್ಷ ಇತ್ತು. ಸಮಯ ಸಾಕು ಅಂದರು.

ಇಲ್ಲಿ ಒಂದು ಮಾತು. ಸಂದಿ ಒಂದೂವರೆ, ಎರಡು ಮಿಲಿಮೀಟರ್ ಒಳಗೆ ಇದ್ದು, ಹಲ್ಲುಗಳು ಸಾಕಷ್ಟು ಉದ್ದವೂ ಇದ್ದರೆ ಹಲ್ಲು ಸರಿಸುವ ಕ್ಲಿಪ್ ಬೇಕಾಗಿಯೇ ಇಲ್ಲದಿರಬಹುದು. ಎರಡು ಹಲ್ಲಿಗೆ ಬಾಂಡಿಂಗ್, ಅಂದರೆ ಕಾಂಪೋಸಿಟ್ ಹಚ್ಚುವ ಕೆಲಸ, ಮಾಡಿಸಿಕೊಂಡು ಅದೇ ದಿನ ಮನೆಗೆ ಬರಬಹುದು. ಎಲ್ಲರಿಗೂ ಒಂದೇ ದಾರಿ ಇಲ್ಲ. ಅದಕ್ಕೇ ಅಳೆಯುವ ಡಾಕ್ಟರ್ ಬೇಕು ಅನ್ನುವುದು.

ಕ್ಲಿಪ್ ಹಾಕಿದರು. ಹಲ್ಲಿಗೆ ಅಂಟಿಸುವ, ಹಲ್ಲಿನ ಬಣ್ಣದ್ದೇ ಸೆರಾಮಿಕ್ ಬ್ರಾಕೆಟ್, ಅದರ ಮೇಲೆ ತಂತಿ ಹಿಡಿಯಲು ಬಣ್ಣವಿಲ್ಲದ ಪುಟಾಣಿ ರಬ್ಬರ್ ಉಂಗುರ. ಇದು ಯಾರಿಗೂ ಕಾಣಲ್ಲ ಅಂತ ಅವಳಿಗೆ ಖುಷಿ. ಮೊದಲ ಸಲ ಸಾರು ಅನ್ನ ಉಂಡು ಎದ್ದಾಗ ಎಲ್ಲ ಉಂಗುರವೂ ಅರಿಶಿನ ಹಳದಿ. ನಮ್ಮ ಅಡುಗೆಗೆ ಆ ಬಣ್ಣವಿಲ್ಲದ ಉಂಗುರ ಹೊಂದುವುದಿಲ್ಲ. ಮುಂದಿನ ಭೇಟಿಯಲ್ಲಿ ಬೂದು ಬಣ್ಣದ್ದು ಹಾಕಿಸಿಕೊಂಡಳು, ಕಲೆ ಕಾಣಲಿಲ್ಲ. ಅಲೈನರ್ ಬಗ್ಗೆಯೂ ಕೇಳಿದ್ದೆವು. ಪಾರದರ್ಶಕ ಪ್ಲಾಸ್ಟಿಕ್ ಅಚ್ಚು, ಊಟಕ್ಕೆ ತೆಗೆದಿಡಬಹುದು. ಸಂದಿ ಮುಚ್ಚಲು ಅದೂ ಒಳ್ಳೆಯದೇ, ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿ ಇರಲೇಬೇಕು, ಖರ್ಚೂ ಜಾಸ್ತಿ. ಡಾಕ್ಟರನ್ನೇ ನೋಡದೆ ಅಚ್ಚು ತರಿಸಿಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಅಮೆರಿಕದಲ್ಲಿ ಅಂಚೆಯಲ್ಲಿ ಅಲೈನರ್ ಕಳಿಸುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧಕ್ಕೆ ನಿಂತವರು ಬೇರೆ ದಾರಿ ಹುಡುಕಿಕೊಳ್ಳಬೇಕಾಯಿತು.

ಇದಕ್ಕಿಂತ ಭಯ ಹುಟ್ಟಿಸುವುದು ರಬ್ಬರ್ ಬ್ಯಾಂಡ್. ಎರಡು ಮುಂದಿನ ಹಲ್ಲಿಗೆ ಸೇರಿಸಿ ಬ್ಯಾಂಡ್ ಹಾಕಿಕೊಂಡರೆ ಸಂದಿ ಮುಚ್ಚುತ್ತೆ ಅನ್ನುವ ವಿಡಿಯೋಗಳು ಓಡಾಡುತ್ತಿವೆ. ಹಲ್ಲಿನ ಬೇರು ಮೇಲಕ್ಕೆ ಹೋದಂತೆ ಮೊನಚಾಗುತ್ತದೆ. ಬ್ಯಾಂಡ್ ಜಾರಿ ಒಸಡಿನೊಳಗೆ ಸೇರಿಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಬಿದ್ದುಹೋಯಿತು ಅಂತ ಹುಡುಗರು ಇನ್ನೊಂದು ಹಾಕಿಕೊಳ್ಳುತ್ತಾರೆ. ಒಳಗೆ ಅದು ಬೇರಿನ ಗುಂಟ ಮೇಲೇರುತ್ತಾ ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ತಿನ್ನುತ್ತದೆ. ಹೀಗೆ ಎರಡೂ ಮುಂದಿನ ಹಲ್ಲು ಕಳೆದುಕೊಂಡ ಮಕ್ಕಳ ವಿವರ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಮನೆಯಲ್ಲಿ ಫೋನ್ ಹಿಡಿದು ಕೂರುವ ಮಕ್ಕಳಿದ್ದರೆ ಇದನ್ನು ಓದಿ ಹೇಳಿ.

ಕ್ಲಿಪ್ ತೆಗೆದ ದಿನವೇ ಕಾಂಪೋಸಿಟ್ ಹಚ್ಚುವ ಕೆಲಸ. ನಾನು ಪಕ್ಕದಲ್ಲೇ ಇದ್ದೆ. ಮೊದಲು ಕಿಟಕಿ ಬೆಳಕಿನಲ್ಲಿ ಬಣ್ಣ ನೋಡಿದರು. ಬಾಯಿ ತೆರೆದೇ ಇದ್ದರೆ ಹಲ್ಲು ಒಣಗಿ ಇನ್ನೂ ಬೆಳ್ಳಗೆ ಕಾಣುತ್ತದೆ, ಆಗ ಆರಿಸಿದ ಬಣ್ಣ ಆಮೇಲೆ ಹೊಂದುವುದಿಲ್ಲ. ಹಾಗಾಗಿ ಕುರ್ಚಿಯಲ್ಲಿ ಕೂರುತ್ತಿದ್ದಂತೆ ಆ ಕೆಲಸ. ಬರೀ ಬಣ್ಣದ ಕಾರ್ಡ್ ಹಿಡಿದು ನೋಡಲಿಲ್ಲ, ಒಂದು ಚೂರು ಕಾಂಪೋಸಿಟ್ ಅನ್ನೇ ಹಲ್ಲಿನ ಮೇಲೆ ಇಟ್ಟು ಗಟ್ಟಿ ಮಾಡಿ ನೋಡಿದರು. ಆಮೇಲೆ ಏನೂ ಅಂಟು ಹಾಕದೆ ಪೂರ್ತಿ ಆಕಾರವನ್ನು ಒಮ್ಮೆ ಕೂರಿಸಿ ಅವಳ ಕೈಗೆ ಕನ್ನಡಿ ಕೊಟ್ಟರು. "ಹೀಗಿರುತ್ತೆ. ಇನ್ನೂ ಚಿಕ್ಕದು ಬೇಕಾ, ದುಂಡಗೆ ಬೇಕಾ ಹೇಳಮ್ಮ." ಬೇಡವೆಂದರೆ ಕಿತ್ತು ಬಿಸಾಕುವುದು ಅಷ್ಟೇ. ಇದನ್ನು ನೀವೂ ಕೇಳಿ ಮಾಡಿಸಿಕೊಳ್ಳಿ. ಕಂಪ್ಯೂಟರಿನ ಚಿತ್ರಕ್ಕಿಂತ ಇದು ನೂರು ಪಾಲು ವಾಸಿ.

ಪಕ್ಕದ ಹಲ್ಲಿಗೆ ಬಿಳಿ ಟೇಪ್ ಸುತ್ತಿದರು. ನಮ್ಮನೆ ನಲ್ಲಿ ರಿಪೇರಿಗೆ ಪ್ಲಂಬರ್ ಸುತ್ತುತ್ತಾನಲ್ಲ, ಅದೇ ಟೆಫ್ಲಾನ್ ಟೇಪ್. ಹಚ್ಚಬೇಕಾದ ಹಲ್ಲಿಗೆ ನೀಲಿ ಜೆಲ್ ಬಿಟ್ಟರು. ಅದು ಶೇ. 37ರ ಫಾಸ್ಪಾರಿಕ್ ಆಸಿಡ್. ಅರ್ಧ ನಿಮಿಷದೊಳಗೆ ತೊಳೆದು ಗಾಳಿ ಊದಿದರು. ಹೊಳೆಯುತ್ತಿದ್ದ ಹಲ್ಲು ಅಷ್ಟು ಭಾಗದಲ್ಲಿ ಮಾತ್ರ ಸೀಮೆಸುಣ್ಣದಂತೆ ಮಂಕಾಗಿತ್ತು. ಎನಾಮಲ್ ಮೇಲೆ ಕಣ್ಣಿಗೆ ಕಾಣದ ಕುಳಿಗಳು ಎದ್ದಿರುತ್ತವೆ, ಅಂಟು ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಕೊರೆಯುವ ಮಷೀನಿನ ಸದ್ದೇ ಇಲ್ಲ, ಮರಗಟ್ಟಿಸುವ ಇಂಜೆಕ್ಷನ್ನೂ ಇಲ್ಲ. ಈ ಉಪಾಯ ಹೊಳೆದದ್ದು ಅಮೆರಿಕದ ಮೈಕೆಲ್ ಬುವೊನೊಕೋರ್ ಎಂಬ ದಂತವೈದ್ಯನಿಗೆ. ಕಾರ್ಖಾನೆಗಳಲ್ಲಿ ಪೇಂಟ್ ಚೆನ್ನಾಗಿ ಹಿಡಿಯಲಿ ಅಂತ ಲೋಹಕ್ಕೆ ಇದೇ ಆಸಿಡ್ ಹಚ್ಚುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಹಲ್ಲಿಗೂ ಹಚ್ಚಿ ನೋಡಿ 1955ರಲ್ಲಿ ಪ್ರಕಟಿಸಿದ. ಹಲ್ಲು ಕೊರೆಯದೆ ಹಲ್ಲಿಗೆ ಏನನ್ನಾದರೂ ಅಂಟಿಸುವ ವಿದ್ಯೆ ಬೆಳೆದದ್ದು ಅಲ್ಲಿಂದ. ಇವತ್ತು ಬ್ರಾಕೆಟ್ ಹಲ್ಲಿಗೆ ನಿಲ್ಲುವುದೂ ಅದರಿಂದಲೇ. ಅವನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ವಿಶೇಷ ಸೂಚನೆ. ಚಿತ್ರದುರ್ಗ, ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಬಿಳಿ ಇಲ್ಲವೇ ಕಂದು ಕಲೆ ಇರುತ್ತದೆ. ಅಂಥ ಎನಾಮಲ್ ಆಸಿಡ್ಡಿಗೆ ಬೇಗ ಬಗ್ಗುವುದಿಲ್ಲ, ಹೆಚ್ಚು ಹೊತ್ತು ಹಚ್ಚಬೇಕಾಗಬಹುದು. ಬೇರೆ ಊರಿನ ಡಾಕ್ಟರಾದರೆ ನೀವೇ ನಿಮ್ಮೂರಿನ ನೀರಿನ ವಿಷಯ ಹೇಳಿಬಿಡಿ.

ಕಾಂಪೋಸಿಟ್ ಅನ್ನು ತೆಳುವಾಗಿ ಒಂದರ ಮೇಲೊಂದು ಪದರ ಕಟ್ಟುತ್ತಾ, ಪ್ರತಿ ಪದರಕ್ಕೂ ನೀಲಿ ಲೈಟ್ ಹಿಡಿದರು. ಕೊನೆಗೆ ನಯ ಮಾಡುವ ಕೆಲಸವೇ ಅರ್ಧ ಹೊತ್ತು ತೆಗೆದುಕೊಂಡಿತು. ಒಸಡಿನ ಹತ್ತಿರ ಅಂಚು ಒರಟಾಗಿ ಉಳಿದರೆ ಊಟದ ಚೂರು ಸಿಕ್ಕಿ ಒಸಡು ಊದಿಕೊಳ್ಳುತ್ತದೆ. ದಾರ ಹಾಕಿ ಎಳೆದು ನೋಡಿದರು, ಹರಿಯಲಿಲ್ಲ, ಸಿಕ್ಕಿಕೊಳ್ಳಲಿಲ್ಲ. ಬಣ್ಣದ ಕಾಗದ ಕಚ್ಚಿಸಿ ಕೆಳಗಿನ ಹಲ್ಲು ಎಲ್ಲಿ ತಾಗುತ್ತೆ ಅಂತಲೂ ನೋಡಿದರು. ಮೊದಲ ಕೆಲವು ದಿನ ಅವಳ ಮಾತಿನಲ್ಲಿ 'ಸ' ಸ್ವಲ್ಪ ಬೇರೆ ಕೇಳಿಸುತ್ತಿತ್ತು. ಅಷ್ಟು ವರ್ಷ ಸಂದಿಯಿಂದ ಹೋಗುತ್ತಿದ್ದ ಗಾಳಿಗೆ ಈಗ ದಾರಿ ಇಲ್ಲ. ನಾಲಗೆ ತಾನಾಗಿ ಹೊಂದಿಕೊಂಡಿತು.

ಕಾಂಪೋಸಿಟ್ ಶಾಶ್ವತ ಅಲ್ಲ. ಐದರಿಂದ ಎಂಟು ವರ್ಷಕ್ಕೆ ಬಣ್ಣ ಮಾಸಬಹುದು, ಅಂಚು ಚಕ್ಕೆ ಏಳಬಹುದು. ಕಾಫಿ, ಟೀ, ಅರಿಶಿನ, ಎಲೆ ಅಡಿಕೆ ಎಲ್ಲವೂ ಕಲೆ ಬಿಡುತ್ತವೆ. ಕಬ್ಬು ಸಿಗಿಯುವುದು, ಮುಂದಿನ ಹಲ್ಲಲ್ಲಿ ಚಕ್ಕುಲಿ ಕಡಿಯುವುದು ಬೇಡ. ವಿನಿಯರ್ ಮಾರುವವರು ಇದನ್ನೇ ದೊಡ್ಡ ದೋಷ ಮಾಡಿ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಚಕ್ಕೆ ಎದ್ದ ಕಡೆ ಮತ್ತೆ ಹಚ್ಚಬಹುದು, ಒಂದು ಹಲ್ಲಿಗೆ ಆಗುವ ಖರ್ಚು ವಿನಿಯರಿಗಿಂತ ಎಷ್ಟೋ ಕಡಿಮೆ. ಮುಂದೆ 40ನೇ ವಯಸ್ಸಿನಲ್ಲಿ ಅವಳಿಗೆ ವಿನಿಯರ್ರೇ ಬೇಕು ಅನ್ನಿಸಿದರೆ ಆಗಲೂ ಅದನ್ನು ಹಾಕಿಸಬಹುದು, ಯಾಕೆಂದರೆ ಕಾಂಪೋಸಿಟ್ಟಿನ ಅಡಿಯ ಹಲ್ಲು ಇಡಿಯಾಗಿದೆ.

ಯಾರೂ ಮೊದಲೇ ಬಿಡಿಸಿ ಹೇಳದ ಸಂಗತಿ ಹಿಂದಿನ ತಂತಿಯದು. ನಡುವಿನ ಸಂದಿ ಮುಚ್ಚಿದ ಮೇಲೆ ಮತ್ತೆ ತೆರೆದುಕೊಳ್ಳುವುದು ತುಂಬ ಸಾಮಾನ್ಯ. ಹಲ್ಲಿನ ಸುತ್ತ, ಒಸಡಿನೊಳಗೆ, ಹಿಗ್ಗುವ ನಾರುಗಳಿವೆ. ಅವು ಹಳೇ ಜಾಗಕ್ಕೇ ಎಳೆಯುತ್ತಿರುತ್ತವೆ. ಅದಕ್ಕೆ ಹಲ್ಲುಗಳ ಹಿಂಬದಿಗೆ ತೆಳುವಾದ ತಂತಿ ಅಂಟಿಸುತ್ತಾರೆ. ವರ್ಷಗಟ್ಟಲೆ ಇರಬೇಕು, ಬಹಳ ಜನರಿಗೆ ಜೀವನಪೂರ್ತಿ. ಅದರ ಸುತ್ತ ಗಾರೆ ಕಟ್ಟದಂತೆ ತೊಳೆದುಕೊಳ್ಳಬೇಕು, ಒಂದು ಕಡೆ ಬಿಟ್ಟುಕೊಂಡರೂ ತಕ್ಷಣ ಹೋಗಿ ಅಂಟಿಸಿಕೊಳ್ಳಬೇಕು. ಮದುವೆ ಗಡಿಬಿಡಿಯಲ್ಲಿ ಇವಳದು ಬಿಟ್ಟುಕೊಂಡರೆ ಏನು ಗತಿ ಅಂತ ಅಕ್ಕನಿಗೆ ಒಂದೇ ಚಿಂತೆ. ಹಾಗೇನೂ ಆಗಲಿಲ್ಲ.

ಇವಳ ವಿಷಯ ಹರಡಿದ ಮೇಲೆ ನೆಂಟರು ಒಬ್ಬೊಬ್ಬರೇ ಕೇಳತೊಡಗಿದರು. ಚಿಕ್ಕ ಮಕ್ಕಳ ತಾಯಂದಿರೇ ಜಾಸ್ತಿ. ಏಳೆಂಟು ವರ್ಷಕ್ಕೆ ಹಾಲು ಹಲ್ಲು ಬಿದ್ದು ಬರುವ ಹೊಸ ಮುಂದಿನ ಹಲ್ಲುಗಳ ನಡುವೆ ಸಂದಿ ಇರುವುದು ಬೆಳವಣಿಗೆಯ ಒಂದು ಹಂತ. ಇನ್ನೂ ಹುಟ್ಟದ ಕೋರೆ ಹಲ್ಲುಗಳು ಮೂಳೆಯೊಳಗಿಂದ ಬೇರುಗಳನ್ನು ಒತ್ತುತ್ತಿರುತ್ತವೆ, ಹಲ್ಲಿನ ತುದಿಗಳು ಹೊರಕ್ಕೆ ಹರಡಿಕೊಳ್ಳುತ್ತವೆ. 11ರಿಂದ 13 ವರ್ಷದಲ್ಲಿ ಕೋರೆ ಹಲ್ಲು ಇಳಿದಂತೆ ಎರಡು ಮಿಲಿಮೀಟರ್ ಒಳಗಿನ ಸಂದಿ ಸಾಮಾನ್ಯವಾಗಿ ತಾನೇ ಮುಚ್ಚುತ್ತದೆ. ಒಮ್ಮೆ ತೋರಿಸಿ, ಸಂದಿ ದೊಡ್ಡದಿದ್ದರೆ ಎಕ್ಸ್‌ರೇ ನೋಡಲಿ, ಆಮೇಲೆ ಸುಮ್ನೆ ಕಾಯಿರಿ. ಮಗುವಿನ ಎದುರು ಅದನ್ನು ಆಡಿಕೊಳ್ಳಬೇಡಿ.

ದುಡ್ಡಿನ ಯೋಚನೆ ಇರುವವರಿಗೆ ಡೆಂಟಲ್ ಕಾಲೇಜುಗಳು ನಿಜವಾಗಿ ಅನುಕೂಲ. ಬೆಂಗಳೂರಿನಲ್ಲಿ ಕೋಟೆಯ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜಿದೆ. ದಾವಣಗೆರೆ, ಧಾರವಾಡ, ಮಂಗಳೂರು, ಮಣಿಪಾಲದಲ್ಲೂ ಕಾಲೇಜುಗಳಿವೆ. ಕಾಯಬೇಕಾಗುತ್ತೆ, ಪಿಜಿ ವಿದ್ಯಾರ್ಥಿಗಳು ಮಾಡುತ್ತಾರೆ, ಮೇಲೊಬ್ಬ ಪ್ರೊಫೆಸರ್ ಬಂದು ನೋಡುತ್ತಾರೆ. ನನ್ನ ಅನುಭವದಲ್ಲಿ ಆ ನಿಧಾನವೇ ಒಳ್ಳೆಯದಾಯಿತು.

ಕೊನೆಯದಾಗಿ ನಮ್ಮ ಭಾವನವರ ವಿಷಯ. ಐವತ್ತರ ಹತ್ತಿರದ ವಯಸ್ಸು. "ನನಗೂ ಆ ಮೇಡಂ ನಂಬರ್ ಕೊಡು, ನನ್ನ ಸಂದಿಗೂ ಸಿಮೆಂಟ್ ಹಾಕಿಸ್ತೀನಿ" ಅಂದರು. ನಿಮಗೆಲ್ಲಿತ್ತು ಸಂದಿ, ಭಾವ ಅಂತ ಕೇಳಿದೆ. "ಇರಲಿಲ್ಲ, ಈಗ ಒಂದೆರಡು ವರ್ಷದಿಂದ ಬಂದಿದೆ" ಅಂದರು. ಅವರಿಗೆ ಶುಗರ್ ಇದೆ, ಸಿಗರೇಟೂ ಇದೆ. ದೊಡ್ಡವರಲ್ಲಿ ಹೊಸದಾಗಿ ಬಿದ್ದ ಸಂದಿ ಸೌಂದರ್ಯದ ಪ್ರಶ್ನೆಯೇ ಅಲ್ಲ. ಒಸಡಿನ ಕಾಯಿಲೆಯಿಂದ ಹಲ್ಲನ್ನು ಹಿಡಿದ ಮೂಳೆ ಕರಗಿ, ಹಿಡಿತ ತಪ್ಪಿದ ಹಲ್ಲು ಮುಂದಕ್ಕೆ ಸರಿದಿರುವ ಸಾಧ್ಯತೆ ಹೆಚ್ಚು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಈ ಕಾಯಿಲೆ ಜೋರಾಗುತ್ತದೆ. ಸಿಗರೇಟು ಸೇದುವವರ ಒಸಡಿನಲ್ಲಿ ರಕ್ತ ಕಡಿಮೆ ಬರುವುದರಿಂದ ಗೊತ್ತೂ ಆಗುವುದಿಲ್ಲ. ಅಲ್ಲಾಡುವ ಹಲ್ಲಿಗೆ ಸಿಮೆಂಟ್ ಹಚ್ಚಿದರೆ ಸಂದಿ ಮುಚ್ಚಿದಂತೆ ಕಾಣುತ್ತೆ, ಮೂಳೆ ಕರಗುವುದು ಒಳಗೆ ನಡೆಯುತ್ತಲೇ ಇರುತ್ತದೆ.

ಭಾವನನ್ನು ಅದೇ ಕಾಲೇಜಿನ ಒಸಡಿನ ವಿಭಾಗಕ್ಕೆ ಕಳಿಸಿದೆವು. ಒಸಡಿನ ಕೆಳಗಿನವರೆಗೂ ಕ್ಲೀನಿಂಗ್ ಆಗಿದೆ. ಶುಗರ್ ಮಾತ್ರೆ ಬದಲಾಗಿದೆ. ಸಿಗರೇಟು ಇನ್ನೂ ಪೂರ್ತಿ ಬಿಟ್ಟಿಲ್ಲ, ಅತ್ತಿಗೆ ಬೆನ್ನು ಬಿಟ್ಟಿಲ್ಲ. ಮುಂದಿನ ಎಕ್ಸ್‌ರೇಯಲ್ಲಿ ಮೂಳೆ ನಿಂತಿದೆ ಅಂತ ಖಾತ್ರಿಯಾದರೆ ಹಲ್ಲನ್ನು ಹಿಂದಕ್ಕೆ ಸರಿಸಲು ಮೆಲ್ಲಗೆ ಕ್ಲಿಪ್ ಹಾಕೋಣ ಅಂದಿದ್ದಾರೆ.